ಹನ್ನೊಂದು ಮೈಲಿ

ಅಳತೆಪಟ್ಟಿಯ ಒಂದು ತುದಿಯನ್ನು ಗಂಡ ಗೋಡೆಗೆ ಒತ್ತಿ ಹಿಡಿದಿದ್ದ, ಇನ್ನೊಂದು ತುದಿ ಅವಳ ಕೈಯಲ್ಲಿತ್ತು. ಶನಿವಾರ, ಇಬ್ಬರಿಗೂ ರಜೆ. ಬೀರು ನಡುಮನೆಗೆ ಹೋಗಿ, ಬಟ್ಟೆ ಒಣಗಿಸುವ ಸ್ಟ್ಯಾಂಡು ಬಾಲ್ಕನಿಗೆ ಹೋಗಿ, ಕೋಣೆಯಲ್ಲಿ ಸೈಕಲ್ಲೊಂದು ಉದ್ದಕ್ಕೆ ನಿಲ್ಲುವಷ್ಟು ಜಾಗ ಆಗಿತ್ತು. "ಸ್ವಲ್ಪ ಬಿಗಿಯಾಗಿ ಹಿಡಿ, ಜೋತು ಬಿದ್ರೆ ಎರಡು ಬೆರಳು ಹೆಚ್ಚಿಗೆ ತೋರಿಸುತ್ತೆ" ಎಂದ. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನಿಗೆ ಎರಡು ಬೆರಳೆಂದರೆ ಯಾರದೋ ಹೊಲದ ಬದು, ಯಾರದೋ ಜಗಳ. ಅವಳು ಬಿಗಿಯಾಗಿ ಹಿಡಿದಳು. ಬಲಮಂಡಿಯಲ್ಲಿ ಚಳುಕು ಎದ್ದು ತೊಡೆಯವರೆಗೆ ಓಡಿತು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಸವೆಸಿದ ಮಂಡಿ. ಮೂಳೆಯ ಡಾಕ್ಟರು ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, ಆಪರೇಷನ್ ಏನೂ ಬೇಡ, ದಿನಕ್ಕೆ ಅರ್ಧ ಗಂಟೆ ಸೈಕಲ್ ತುಳೀರಿ, ಆದರೆ ರಸ್ತೆಯಲ್ಲಿ ಬೇಡ, ಮನೆಯೊಳಗೆ, ಎಂದು ಹೇಳಿ, ಅವಳ ಮುಖದಲ್ಲಿ ಏನೋ ಕಂಡಂತಾಗಿ, "ಸೈಕಲ್ ಬರುತ್ತಲ್ಲಮ್ಮ?" ಎಂದು ಕೇಳಿದ್ದರು. ಅವಳು ಬಾಯಿ ತೆರೆಯುವುದರೊಳಗೆ ಗಂಡ ನಕ್ಕಿದ್ದ. "ಬರುತ್ತಾ ಅಂತ ಕೇಳ್ತೀರಲ್ಲ ಡಾಕ್ಟ್ರೇ. ಹನ್ನೊಂದು ಮೈಲಿ, ಬಿರುಗಾಳಿಗೆ ಎದುರು." ಡಾಕ್ಟರು ಮಂಡಿಗೆ ಬಡಿಯುವ ಪುಟ್ಟ ಸುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಥೆಯನ್ನು ಕೊನೆಯವರೆಗೂ ಕೇಳಿದರು. ಹೊರಗೆ ಇನ್ನೂ ಏಳು ಜನ ಮಂಡಿ ಹಿಡಿದುಕೊಂಡು ಕೂತಿದ್ದರು.

ಅವಳಿಗೆ ಸೈಕಲ್ ಬರುತ್ತಿರಲಿಲ್ಲ. ಈ ವಾಕ್ಯವನ್ನು ಅವಳು ಮನಸ್ಸಿನಲ್ಲೂ ಪೂರ್ತಿಯಾಗಿ ಹೇಳಿಕೊಳ್ಳುತ್ತಿರಲಿಲ್ಲ. ಅರ್ಧಕ್ಕೆ ಬಂದಾಗ ಬೇರೇನಾದರೂ ನೆನಪಿಸಿಕೊಳ್ಳುತ್ತಿದ್ದಳು, ಒಲೆ ಆರಿಸಿದೆನೇ, ಪ್ರಶ್ನೆಪತ್ರಿಕೆಯ ಬೀರುವಿಗೆ ಬೀಗ ಹಾಕಿದೆನೇ ಎಂದು. ಶಾಲೆಯಲ್ಲಿ ಭೌತಶಾಸ್ತ್ರ ಹೇಳುವವಳು. ಪ್ರತಿ ವರ್ಷ ಎರಡನೆಯ ಅವಧಿಯ ಮೂರನೆಯ ವಾರ ಪ್ರಯೋಗಶಾಲೆಯ ತಿರುಗುವ ಸ್ಟೂಲಿನ ಮೇಲೆ ಒಬ್ಬ ಹುಡುಗಿಯನ್ನು ಕೂರಿಸಿ, ಅವಳ ಕೈಗೆ ಸೈಕಲ್ ಚಕ್ರವೊಂದನ್ನು ಕೊಟ್ಟು, ಗಿರಗಿರ ತಿರುಗಿಸಿ, ಓಡುವ ಸೈಕಲ್ಲು ಯಾಕೆ ಬೀಳುವುದಿಲ್ಲ ಎಂಬುದನ್ನು ಇವಳು ವಿವರಿಸುವ ಚೆಂದಕ್ಕೆ ಪಕ್ಕದ ತರಗತಿಯವರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ. ಮದುವೆಯಾದ ಹೊಸತರಲ್ಲಿ ಗಂಡ ಭಾನುವಾರ ಬೆಳಿಗ್ಗೆ ಎರಡು ಸೈಕಲ್ಲು ಒರೆಸಿ ನಿಲ್ಲಿಸಿದರೆ ಅವಳಿಗೆ ಬೆನ್ನು ನೋವು, ಆಮೇಲೆ ಬಸುರಿ, ಆಮೇಲೆ ಬಾಣಂತಿ, ಆಮೇಲೆ ಉತ್ತರಪತ್ರಿಕೆ, ಆಮೇಲೆ ಗಾಳಿ. ಗಾಳಿ ಎಂದರೆ ಅವನು ಮೆತ್ತಗಾಗಿಬಿಡುತ್ತಿದ್ದ. ಆ ಸಂಜೆಯ ನೆನಪು ಅವಳನ್ನು ಇನ್ನೂ ಬಿಟ್ಟಿಲ್ಲ ಎಂದುಕೊಂಡು ಒಬ್ಬನೇ ಹೋಗಿ ಬರುತ್ತಿದ್ದ.

ಈಗ ಅವನ ಕೈಗೆ ಒಂದು ಸತ್ಕಾರ್ಯ ಸಿಕ್ಕಿತ್ತು. ಎರಡು ವಾರದಿಂದ ಮನೆಯೊಳಗಿನ ಸೈಕಲ್ ಟ್ರೈನರುಗಳ ಬಗ್ಗೆ ಓದಿ ಓದಿ, ಕಚೇರಿಯ ದಪ್ಪ ಕಾಗದದ ಮೇಲೆ ಆರು ಬಣ್ಣಗಳಲ್ಲಿ ಒಂದು ಪಟ್ಟಿ ಬರೆದಿದ್ದ. ಮೂರು ಜಾತಿ. ಒಂದರಲ್ಲಿ ಸೈಕಲ್ಲಿನ ಹಿಂದಿನ ಅಚ್ಚನ್ನು ಕಬ್ಬಿಣದ ಕಾಲಿಗೆ ಬಿಗಿದು ಟಯರನ್ನು ಪುಟ್ಟ ಉರುಳೆಯ ಮೇಲೆ ಕೂರಿಸುವುದು. ಎರಡನೆಯದರಲ್ಲಿ ಹಿಂದಿನ ಚಕ್ರವನ್ನೇ ಕಳಚಿಟ್ಟು ಚೈನನ್ನು ನೇರ ಯಂತ್ರಕ್ಕೆ ಹಾಕುವುದು. ಮೂರನೆಯದು ಬರೀ ರೋಲರು, ನೆಲದ ಮೇಲೆ ಮೂರು ಉರುಳೆ, ಅದರ ಮೇಲೆ ಸೈಕಲ್ಲು, ಹಿಡಿದುಕೊಳ್ಳಲು ಬಿಗಿದುಕೊಳ್ಳಲು ಏನೂ ಇಲ್ಲ, ಸಮತೋಲ ತಪ್ಪಿದರೆ ನೆಲ. ಸದ್ದಿಗೆ ಕೆಂಪು, ತೂಕಕ್ಕೆ ಕಂದು. ಕೆಳಮನೆಯ ಹಲ್ಲಿನ ಡಾಕ್ಟರು ಮಧ್ಯಾಹ್ನ ಮಲಗುವ ಹೊತ್ತನ್ನು ಹಸಿರು ಗೆರೆಯಲ್ಲಿ ಗುರುತಿಸಿದ್ದ. ಕೊನೆಗೆ ರೋಲರಿನ ಸುತ್ತ ಒಂದು ನೀಲಿ ವೃತ್ತ. "ಬಿಗಿದು ಕಟ್ಟೋದೆಲ್ಲ ಹೊಸಬರಿಗೆ ಕಣೇ. ಮಂಡಿಗೆ ಭಾರ ಬೀಳಬಾರದು, ಮೈಗೆ ಹಿಡಿತ ತಪ್ಪಬಾರದು ಅಂದ್ರೆ ರೋಲರೇ. ನಿನ್ನಂಥೋರಿಗೆ ಅಂತಲೇ ಮಾಡಿರೋದು" ಎಂದ. ನಿನ್ನಂಥೋರಿಗೆ ಎನ್ನುವಾಗ ಅವನ ದನಿಯಲ್ಲಿದ್ದ ಹೆಮ್ಮೆ ಅವಳ ಕತ್ತಿನ ಹಿಂದೆ ಎಲ್ಲೋ ಕಚಗುಳಿಯಿಟ್ಟಿತು. ನಾಚಿಕೆಯೂ ಕಚಗುಳಿಯ ಹಾಗೇ ಇರುತ್ತದೆ.

ಸೈಕಲ್ ಅಂಗಡಿಗೆ ಹೋಗುವ ಬಸ್ಸಿನಲ್ಲಿ ಅವನು ಪಟ್ಟಿಯನ್ನು ಮೊಣಕಾಲ ಮೇಲೆ ಹರಡಿಕೊಂಡು ಕೂತಿದ್ದ. ಅವಳು ಕಿಟಕಿಯ ಗಾಜಿನಲ್ಲಿ ಅವನ ನೆರಳನ್ನೇ ನೋಡುತ್ತಿದ್ದಳು. ಇಪ್ಪತ್ತೇಳು ವರ್ಷದ ಹಿಂದೆ ಗ್ರಂಥಾಲಯದ ಮೆಟ್ಟಿಲ ಮೇಲೆ ಇದೇ ಕಿವಿ, ಇದೇ ಬಗ್ಗಿದ ಕತ್ತು, ಪಕ್ಕದಲ್ಲಿ ಒರಗಿಸಿದ ಸೈಕಲ್ಲು. ನಿಮಗೆ ಸೈಕಲ್ ಹೊಡೆಯೋಕೆ ಬರುತ್ತಾ ಎಂದು ಕೇಳಿದ್ದ. ಬರುತ್ತೆ ಎಂದಳು. ಯಾಕೆಂದಳೋ. ಬರುವುದಿಲ್ಲ ಎಂದಿದ್ದರೆ ಕಲಿಸುತ್ತೇನೆ ಎಂದು ಅವನು ಹೇಳುತ್ತಿದ್ದನೇನೋ, ಅದು ಆಗ ಹೊಳೆಯಲಿಲ್ಲ. ನಿಂತ ಸುಳ್ಳಿಗೆ ಒಂದು ಊರುಗೋಲು ಬೇಕಿತ್ತು, ಕೈಗೆ ಸಿಕ್ಕಿದ್ದು ತಂಗಿಯ ಕಥೆ. ಅಪ್ಪನಿಗೆ ಉಬ್ಬಸ ಏರಿ ಉಸಿರು ಸಿಕ್ಕಿಕೊಂಡ ಸಂಜೆ, ಫೋನಿನ ತಂತಿ ಗಾಳಿಗೆ ಹರಿದುಬಿದ್ದಿತ್ತು, ಹದಿನಾರು ವರ್ಷದ ಪುಟ್ಟಿ ಅಪ್ಪನ ಎತ್ತರದ ಸೈಕಲ್ಲು ಏರಿ, ಸೇತುವೆ ದಾಟಿ, ಹನ್ನೊಂದು ಮೈಲಿ ದೂರದ ಊರಿಗೆ ಹೋಗಿ ಡಾಕ್ಟರನ್ನು ಕರೆತಂದಿದ್ದಳು. ಆ ಕಥೆಯೊಳಗೆ ಪುಟ್ಟಿ ಇದ್ದ ಜಾಗದಲ್ಲಿ ಇವಳು ನಾನು ಎಂದು ಇಟ್ಟಳು, ಅಷ್ಟೇ. ಒಂದು ಅಕ್ಷರವೂ ಅಲುಗಲಿಲ್ಲ. ಅವನು ಎವೆಯಿಕ್ಕದೆ ಕೇಳಿದ. ಆಮೇಲೆ ಅವಳು ಹೇಳಬೇಕಾಗಿಯೇ ಬರಲಿಲ್ಲ, ಅವನೇ ಹೇಳುತ್ತಿದ್ದ. ಮಗಳ ಹುಟ್ಟುಹಬ್ಬದಲ್ಲಿ ಹೇಳಿದ, ಕಚೇರಿಯವರು ಊಟಕ್ಕೆ ಬಂದಾಗ ಹೇಳಿದ. ಒಂದು ಸಲ ಪುಟ್ಟಿಯೇ ಎದುರಿಗೆ ಕೂತಿದ್ದಾಗ ಹೇಳಿದ. ಇವಳ ಕೈಯಲ್ಲಿದ್ದ ಲೋಟ ತಣ್ಣಗಾಗಿ ಹೋಯಿತು. ಪುಟ್ಟಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಸೇತುವೆಯ ಮೇಲಿನ ಗಾಳಿಯ ಭಾಗ ಬಂದಾಗ ಒಂದು ಸಲ ಕೆಮ್ಮಿದಳು. ಕಥೆ ಮುಗಿದ ಮೇಲೆ, "ಬಾವ, ಆ ಉಪ್ಪು ಈ ಕಡೆ ಕೊಡಿ" ಎಂದಳು. ಅಕ್ಕತಂಗಿಯರ ನಡುವೆ ಈ ಬಗ್ಗೆ ಅಂದಿನಿಂದ ಇಂದಿನವರೆಗೆ ಮಾತಿಲ್ಲ. ವಾರಕ್ಕೊಮ್ಮೆ ಫೋನು, ಮಕ್ಕಳು, ಮೈಕೈ, ಹವಾಮಾನ. ಹವಾಮಾನದಲ್ಲೂ ಗಾಳಿಯ ವಿಷಯ ಬಂದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳೇ ಮಾತು ತಿರುಗಿಸುತ್ತಿದ್ದಳು.

ಅಂಗಡಿಯಲ್ಲಿ ರಬ್ಬರು ಮತ್ತು ಗ್ರೀಸಿನ ವಾಸನೆ. ಅಂಗಡಿಯ ಒಡತಿ ನಲವತ್ತರ ಆಚೀಚೆಯವಳು, ಒಂದು ಕಾಲಕ್ಕೆ ರೇಸುಗಳಲ್ಲಿ ಓಡಿಸಿದವಳು. ಮೀನಖಂಡಗಳು ಎರಡು ಹೊಸ ಮೂಲಂಗಿಯಂತೆ ಗಟ್ಟಿಯಾಗಿ ಕಾಣುತ್ತಿದ್ದವು. ಗಂಡ ಪಟ್ಟಿ ಬಿಚ್ಚಿದ್ದನ್ನು ಕಂಡು ಅವಳು ಒಂದು ಕ್ಷಣ ಗಾಬರಿಯಾಗಿ, ಆಮೇಲೆ ಬಹಳ ಗೌರವದಿಂದ ನೋಡಿದಳು.

"ಸರ್, ಇಷ್ಟು ಕಂಪನಿಯವರಿಗೂ ಗೊತ್ತಿರಲಿಕ್ಕಿಲ್ಲ" ಎಂದಳು. "ಆದ್ರೆ ರೋಲರ್ ಬೇಡ. ಮೊದಲನೇ ದಿನ ಎಲ್ಲರೂ ಬೀಳ್ತಾರೆ. ನಾನೂ ಬಿದ್ದಿದ್ದೀನಿ."

"ಎಲ್ಲರೂ ಬೇರೆ, ಇವಳು ಬೇರೆ" ಎಂದ ಗಂಡ.

ಅವಳಿಗೆ ಮುಂದಿನದು ಗೊತ್ತಿತ್ತು. ಗೋಡೆಯ ಮೇಲಿನ ಹೆಲ್ಮೆಟ್ಟುಗಳನ್ನು ಎಣಿಸತೊಡಗಿದಳು. ಹತ್ತೊಂಬತ್ತನೆಯದಕ್ಕೆ ಬರುವ ಹೊತ್ತಿಗೆ ಗಂಡನ ಕಥೆಯಲ್ಲಿ ತಂತಿ ಹರಿದಿತ್ತು, ಇಪ್ಪತ್ತೈದಕ್ಕೆ ಸೇತುವೆ, ಆಮೇಲೆ ಚೈನು ಬಿದ್ದು ಬರಿಗೈಯಲ್ಲಿ ಹಾಕಿಕೊಂಡದ್ದು, ಡಾಕ್ಟರ ಮನೆಯ ಗೇಟಿಗೆ ಡಿಕ್ಕಿ ಹೊಡೆದು ನಿಂತದ್ದು. ಅವನು ಚೆನ್ನಾಗಿ ಹೇಳುತ್ತಿದ್ದ. ಅವಳು ಹೇಳಿದ್ದಕ್ಕಿಂತ, ಪುಟ್ಟಿ ಹೇಳಿದ್ದಕ್ಕಿಂತ ಚೆನ್ನಾಗಿ. ಒಡತಿ ಕೈ ಒರೆಸುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ, ಇವಳ ಕಡೆ ತಿರುಗಿ, "ಬನ್ನಿ ಮೇಡಂ, ಹತ್ತಿ ನೋಡಿ" ಎಂದು ಗೋಡೆಯ ಪಕ್ಕದ ರೋಲರಿನ ಮೇಲೆ ತಾನೇ ಒಂದು ಸೈಕಲ್ಲನ್ನು ಎತ್ತಿಟ್ಟಳು.

ಆ ಕ್ಷಣದಲ್ಲಿ ಮಂಡಿ ನೋವು ಎನ್ನಬಹುದಿತ್ತು. ತಲೆ ಸುತ್ತುತ್ತದೆ ಎನ್ನಬಹುದಿತ್ತು. ಆದರೆ ಗೋಡೆಗೆ ಒಂದು ಕಂಬಿ ಇತ್ತು, ಕಂಬಿ ಹಿಡಿದು ಹತ್ತಿದ್ದೇ ಒಂದು ವಿಚಿತ್ರವಾದ ಆಸೆ ಅವಳೊಳಗೆ ಎದ್ದಿತು. ತಿರುಗುವ ಚಕ್ರ ತನ್ನ ಅಚ್ಚನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೂವತ್ತು ವರ್ಷ ಹೇಳಿದ ಮಾತು ಸುಳ್ಳಾಗಲಿಕ್ಕೆ ಸಾಧ್ಯವೇ? ಯಾರಿಗೆ ಗೊತ್ತು, ಬರುತ್ತಿರಲೂಬಹುದು. ಬರುವುದಿಲ್ಲ ಎಂದು ಅವಳು ನೋಡಿದ್ದಾದರೂ ಯಾವಾಗ, ಒಂಬತ್ತನೆಯ ವಯಸ್ಸಿನಲ್ಲಿ ಒಂದು ಸಲ ಬಿದ್ದು, ಪಕ್ಕದ ಮನೆಯವರು ನಕ್ಕರೆಂದು ಸೆಟೆದುಕೊಂಡು ಮನೆಯೊಳಗೆ ಹೋದವಳು. ಪೆಡಲು ತುಳಿದಳು. ಕೆಳಗೆ ಉರುಳೆಗಳು ಗುಂಯ್ ಎಂದವು. ಕಾಲಿಗೆ ಹಗುರ, ಮಂಡಿಗೆ ಸುಖ, ಅಂಗಡಿಯೇ ತೇಲುತ್ತಿದೆ ಎನಿಸಿ, ಕಂಬಿ ಬಿಟ್ಟಳು. ಬಿಟ್ಟದ್ದೇ ಮುಂದಿನ ಚಕ್ರ ಬೇರೆಲ್ಲೋ ಕೆಲಸ ನೆನಪಾದಂತೆ ಎಡಕ್ಕೆ ಹೊರಟುಹೋಯಿತು. ಒಡತಿ ಸೊಂಟಕ್ಕೆ ಕೈಹಾಕಿ ಹಿಡಿದುಕೊಂಡಳು. ಸೈಕಲ್ಲು ಹೆಲ್ಮೆಟ್ಟುಗಳ ಮೇಲೆ ಹೋಗಿ ಬಿತ್ತು, ಹೆಲ್ಮೆಟ್ಟುಗಳು ಒಂದೊಂದಾಗಿ, ಸಾವಕಾಶವಾಗಿ, ಅಂಗಡಿಯ ತುಂಬ ಉರುಳಿದವು.

"ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ಗಂಡ ಓಡಿಬಂದು ಅವಳ ಮೊಣಕೈ ಹಿಡಿದ. "ಅಭ್ಯಾಸ ತಪ್ಪಿದೆ ಅಷ್ಟೇ. ಎಷ್ಟು ವರ್ಷ ಆಯ್ತು ಹೇಳು. ಯಾರಿಗಾದ್ರೂ ಹಾಗೇ."

ಬಾಗಿಲು ತೆರೆದಿತ್ತು. ಅವನೇ ತೆರೆದು ಹಿಡಿದಿದ್ದ. ಹೌದು ರೀ, ಅಭ್ಯಾಸ ತಪ್ಪಿದೆ ಎಂದು ಒಳಗೆ ನುಸುಳಿಬಿಟ್ಟರೆ ಇನ್ನೊಂದು ಇಪ್ಪತ್ತೇಳು ವರ್ಷ ನಡೆಯುತ್ತಿತ್ತು. ಅಷ್ಟರಲ್ಲಿ ಒಡತಿ ಬಗ್ಗಿ ಹೆಲ್ಮೆಟ್ಟು ಹೆಕ್ಕುತ್ತಾ, "ಮೇಡಂ, ಒಂದು ಕೇಳ್ಲಾ" ಎಂದಳು. "ಭಾನುವಾರ ನನ್ನ ಹತ್ರ ಹೆಣ್ಣುಮಕ್ಕಳು ಓಡಿಸೋದು ಕಲಿಯೋಕೆ ಬರ್ತಾರೆ. ಬಿದ್ದ ತಕ್ಷಣ ಅತ್ತು ಮನೆಗೆ ಹೋಗ್ತೀನಿ ಅಂತಾರೆ. ನಿಮ್ಮ ಹನ್ನೊಂದು ಮೈಲಿ ಕಥೆ ಅವರಿಗೆ ಹೇಳ್ಲಾ? ನಿಮ್ಮ ಹೆಸರು ಹೇಳೇ ಹೇಳ್ತೀನಿ."

"ಬೇಡ" ಎಂದಳು ಅವಳು. ದನಿ ತರಗತಿಯಲ್ಲಿ ಬರುವ ದನಿಯಾಗಿತ್ತು. "ಅದು ನನ್ನದಲ್ಲ. ನನ್ನ ತಂಗೀದು. ನನಗೆ ಸೈಕಲ್ಲೇ ಬರೋಲ್ಲ."

ಗಂಡ ಮೊದಲು ನಕ್ಕ. ಅವಳು ನಗಲಿಲ್ಲವೆಂದು ನಗುವನ್ನು ಮುಖದ ಮೇಲೆಯೇ ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಒಡತಿಗೆ ಏನನಿಸಿತೋ, ಒಳಗೆ ಪಂಪು ನೋಡಿ ಬರುತ್ತೇನೆಂದು ಹೊರಟುಹೋದಳು. ಅವನು ಚಕ್ರ ಕಳಚಿಡುವ ಆ ಭಾರದ ಯಂತ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ಹಲ್ಲುಗಳನ್ನು ಬೆರಳಿನಿಂದ ತಿರುಗಿಸತೊಡಗಿದ. ಕಟಕಟಕಟ. ಅವಳು ಅವನ ಬೆನ್ನು ನೋಡುತ್ತಾ ನಿಂತಳು. ನೆತ್ತಿಯ ಹತ್ತಿರ ಕೂದಲು ತೆಳುವಾಗಿದೆ, ಅದನ್ನು ಅವಳು ಗಮನಿಸಿರಲಿಲ್ಲ. ಇಷ್ಟು ವರ್ಷ ಅವನು ಪ್ರೀತಿಸಿದ್ದು ಪುಟ್ಟಿಯ ಕಾಲುಗಳನ್ನೇ ಎಂದರೆ, ತನ್ನದೆಂಬುದು ಅವನ ಹತ್ತಿರ ಏನುಳಿಯಿತು?

"ನಲವತ್ತು ಸಲ ಹೇಳಿದ್ದೀನಿ" ಎಂದ, ಯಂತ್ರಕ್ಕೆ ಹೇಳುವವನಂತೆ. "ಅವಳೆದುರಿಗೇ ಹೇಳಿದ್ದೀನಿ. ನನ್ನ ಬಗ್ಗೆ ಏನಂದುಕೊಂಡಿರಬೇಕು ಅವಳು."

"ನಿಮ್ಮ ಬಗ್ಗೆ ಅಲ್ಲ, ನನ್ನ ಬಗ್ಗೆ."

"ಚೈನ್ ಹಾಕಿದ್ದು?"

"ಅವಳೇ."

"ಗೇಟಿಗೆ ಡಿಕ್ಕಿ?"

"ಅವಳೇ ರೀ. ಎಲ್ಲಾ ಅವಳೇ."

ಕಟಕಟ ನಿಂತಿತು. ಅವನು ತಿರುಗಿ ಕೂತ. ಮುಖದಲ್ಲಿ ಸಿಟ್ಟು ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ನಕ್ಷೆಯಲ್ಲಿ ಒಂದು ಊರು ಕಾಣೆಯಾದಾಗಿನ ಗೊಂದಲ ಇತ್ತು. "ಹಾಗಾದ್ರೆ ನೀನು ಎಲ್ಲಿದ್ದೆ?"

ಈ ಪ್ರಶ್ನೆಯನ್ನು ಅವಳು ಎಣಿಸಿರಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾನೆಂದು ಉತ್ತರ ಹೊಂದಿಸುತ್ತಿದ್ದಳು. "ಮನೇಲಿ" ಎಂದಳು. "ಅಪ್ಪನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೆ. ಮಲಗಿಸಿದ್ರೆ ಉಸಿರು ಕಟ್ಟೋದು. ಗೋಡೆಗೆ ಒರಗಿಸಿದ್ರೆ ಜಾರೋರು. ಅದಕ್ಕೆ ನಾನೇ ಒರಗಿಸಿಕೊಂಡೆ. ಒಂದೊಂದು ಉಸಿರಿಗೂ ಎಣಿಸು ಅಂತ ಅವರೇ ಅಂದ್ರು, ಜೋರಾಗಿ ಎಣಿಸ್ತಾ ಇದ್ದೆ."

"ಎಷ್ಟು ಹೊತ್ತು?"

"ಡಾಕ್ಟ್ರು ಬರೋ ತನಕ. ಎರಡೂವರೆ ಗಂಟೆ ಇರಬಹುದು."

"ಅಲ್ಲಾಡದೆ?"

"ಅಲ್ಲಾಡಿದ್ರೆ ಅವರು ಜಾರ್ತಿದ್ರಲ್ಲ. ಆಮೇಲೆ ಎರಡು ದಿನ ಸೊಂಟ ಎತ್ತೋಕೆ ಆಗಿರಲಿಲ್ಲ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. "ಇದನ್ನ ಯಾಕೆ ಹೇಳಲಿಲ್ಲ?" ಎಂದ.

"ಕೂತಿದ್ದೆ ಅನ್ನೋದರಲ್ಲಿ ಹೇಳೋಕೆ ಏನಿದೆ ರೀ."

ಅವನು ಫೋನು ತೆಗೆದು ಅವಳ ಕೈಗೆ ಕೊಟ್ಟ. "ಪುಟ್ಟಿಗೆ ಮಾಡು. ಈಗಲೇ. ನನಗೆ ಮನೆಗೆ ಹೋಗೋ ತನಕ ತಡೆಯೋಕೆ ಆಗಲ್ಲ."

ಪುಟ್ಟಿ ಈಗ ನಲವತ್ತೊಂಬತ್ತರವಳು, ಬಸ್ಸು ಓಡಿಸುತ್ತಾಳೆ. ಡಿಪೋದಲ್ಲಿ ಪಾಳಿ ಬದಲಾಗುವ ಹೊತ್ತು, ಹಿಂದೆ ಇಂಜಿನ್ನುಗಳ ಗುರ್ ಗುರ್. ಇವಳು ಹೇಳಿದಳು. ಗ್ರಂಥಾಲಯದ ಮೆಟ್ಟಿಲಿನಿಂದ ಹಿಡಿದು ಹೆಲ್ಮೆಟ್ಟುಗಳವರೆಗೆ ಒಂದೇ ಉಸಿರಿನಲ್ಲಿ ಹೇಳಿ, ತಪ್ಪಾಯ್ತು ಕಣೇ ಎಂದಳು. ಫೋನಿನ ಸ್ಪೀಕರಿಗೆ ಗಂಡ ಕಿವಿ ಕೊಟ್ಟುಕೊಂಡು ಉಗುರು ಕಚ್ಚುತ್ತಿದ್ದ.

"ಮೊದಲನೇ ಸಲ ಬಾವ ಹೇಳಿದಾಗ ಸಿಟ್ಟು ಬಂತು" ಎಂದಳು ಪುಟ್ಟಿ. "ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ನನ್ನ ಅಂಗಿ ಹಾಕ್ಕೊಂಡು ನನ್ನೆದುರಿಗೇ ಓಡಾಡ್ತಿದ್ದಾಳಲ್ಲ ಅನ್ನಿಸ್ತು. ಆಮೇಲೆ ಸೇತುವೆ ಬಂತಲ್ಲ ಕಥೇಲಿ, ಆಗ ಸಿಟ್ಟೆಲ್ಲ ಇಳಿದುಹೋಯ್ತು."

"ಯಾಕೆ?"

"ಅಕ್ಕ, ನಾನು ಸೇತುವೆ ದಾಟಲೇ ಇಲ್ಲ."

ಗಂಡ ಉಗುರು ಕಚ್ಚುವುದನ್ನು ನಿಲ್ಲಿಸಿದ.

"ಸೇತುವೆ ಹತ್ರ ಗಾಳಿಗೆ ಬಿದ್ದೆ. ಮೂರು ಮೈಲಿ ಹೋಗಿದ್ದೆನೋ ಏನೋ. ಹಾಲಿನ ಲಾರಿಯವನು ಸೈಕಲ್ ಸಮೇತ ಎತ್ತಿ ಹಾಕ್ಕೊಂಡು ಡಾಕ್ಟ್ರ ಮನೆ ಮುಂದೆ ಇಳಿಸಿದ. ಗೇಟಿಗೆ ಡಿಕ್ಕಿ ಹೊಡೆದಿದ್ದು ಲಾರಿ. ಅಪ್ಪ ಹುಷಾರಾದ ಮೇಲೆ ಕಂಡಕಂಡೋರ ಹತ್ರ ನನ್ನ ಮಗಳು ತುಳ್ಕೊಂಡು ಹೋದ್ಲು ಅಂತ ಹೇಳೋಕೆ ಶುರು ಮಾಡಿದ್ರಲ್ಲ, ಅವರ ಮುಖ ನೋಡಿ ಲಾರಿ ಅನ್ನೋಕೆ ಬಾಯಿ ಬರಲಿಲ್ಲ. ನೀನು ಆ ಕಥೆ ಎತ್ಕೊಂಡಾಗ ಒಳ್ಳೇದಾಯ್ತು, ಇನ್ಮೇಲೆ ಸಿಕ್ಕಿಬಿದ್ರೆ ಅಕ್ಕನೇ ಸಿಕ್ಕಿಬೀಳ್ಲಿ ಅಂದ್ಕೊಂಡೆ."

ಅವಳಿಗೆ ನಗು ಎಲ್ಲಿಂದ ಬಂತೋ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ನಗುತ್ತಾ ಅಲ್ಲೇ ಇದ್ದ ಟಯರುಗಳ ರಾಶಿಯ ಮೇಲೆ ಕೂತುಬಿಟ್ಟಳು. ಆ ಕಡೆ ಪುಟ್ಟಿಯೂ ನಗುತ್ತಿದ್ದಳು, ಅವಳ ಬಸ್ಸಿನವರು ಯಾರೋ ಏನಾಯ್ತಕ್ಕ ಎಂದು ಕೇಳುವುದು ಕೇಳಿಸಿತು. ಗಂಡ ಮಾತ್ರ ನಗದೆ, ಕತ್ತು ಕೆರೆದುಕೊಳ್ಳುತ್ತಾ, "ನನಗೂ ಒಂದು ಹೇಳೋದಿತ್ತು" ಎಂದ.

"ನಿಮಗೇನು?"

"ಆ ದಾರಿ ನಮ್ಮ ಕಚೇರಿ ನಕ್ಷೇಲಿದೆ. ಮದುವೆಯಾದ ವರ್ಷವೇ ಅಳೆದೆ. ಒಂಬತ್ತೂವರೆ ಬರುತ್ತೆ." ಸ್ವಲ್ಪ ತಡೆದು, "ಒಂಬತ್ತೂವರೆ ಅಂದ್ರೆ ಕೇಳೋಕೆ ಚೆನ್ನಾಗಿರಲ್ಲ" ಎಂದ.

ಮೊಸರಿನಲ್ಲಿ ಕಲ್ಲು ಹುಡುಕುವ ಮನುಷ್ಯ, ಎರಡು ಬೆರಳಿಗೆ ಪ್ರಾಣ ಬಿಡುವವನು, ಅವಳಿಗಾಗಿ ಒಂದೂವರೆ ಮೈಲಿಯನ್ನು ಕಣ್ಣು ಮುಚ್ಚಿಕೊಂಡು ಸೇರಿಸಿ ಹೇಳುತ್ತಾ ಬಂದಿದ್ದ. ಅವಳು ಅವನನ್ನು ನೋಡಿದಳು. ಅವನು ಪಟ್ಟಿಯನ್ನು ನೋಡಿದ. ಪಟ್ಟಿಯ ನೀಲಿ ವೃತ್ತದ ಮೇಲೆ ಜೇಬಿನಿಂದ ಪೆನ್ಸಿಲು ತೆಗೆದು ಅಡ್ಡಗೆರೆ ಎಳೆದ.

ಒಡತಿ ಪಂಪಿಲ್ಲದೆ ಹೊರಗೆ ಬಂದಳು. ಆಮೇಲಿನದು ಬೇಗ ಮುಗಿಯಿತು. ಚಕ್ರ ಕಳಚಿಡುವುದು ಸದ್ದಿಲ್ಲದ್ದು, ಒಳ್ಳೆಯದು, ಆದರೆ ದಿನಾ ಅವನು ಸೈಕಲ್ಲಿನಲ್ಲಿ ಕಚೇರಿಗೆ ಹೋಗಲು ಚಕ್ರ ಹಾಕಬೇಕು, ಬಂದು ಕಳಚಬೇಕು. ಅಚ್ಚು ಬಿಗಿಯುವುದೇ ಆಗಲಿ, ಸಂಜೆ ಅವನು ಬಂದ ಮೇಲೆ ಅದೇ ಸೈಕಲ್ಲನ್ನು ನಿಲ್ಲಿಸಿ ಎರಡು ತಿರುಪು ತಿರುಗಿಸಿದರೆ ಸಾಕು ಎಂದು ಒಡತಿ ಹೇಳಿದಳು. ಸೀಟನ್ನು ಇವಳ ಅಳತೆಗೆ ಇಳಿಸಿಕೊಳ್ಳುವುದನ್ನು ತೋರಿಸಿದಳು. ಟಯರು ಬೇಗ ಸವೆಯುತ್ತದೆ, ಅದಕ್ಕೊಂದು ಬೇರೆ ಟಯರು ಬರುತ್ತದೆ. ಸದ್ದಿಗೆ ಕೆಳಗೆ ದಪ್ಪ ರಬ್ಬರು ಹಾಸು. ಹಲ್ಲಿನ ಡಾಕ್ಟರ ಹತ್ತಿರ ತಾನೇ ಮಾತಾಡುತ್ತೇನೆ ಎಂದ ಗಂಡ. ಹೊರಡುವಾಗ ಒಡತಿ ಮೆಲ್ಲಗೆ, "ಮೇಡಂ, ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದು ಒಳಗೆ ಕೇಳಿಸ್ತು. ಅದನ್ನಾದ್ರೂ ಹೇಳ್ಲಾ?" ಎಂದಳು. ಅವಳು ಸ್ವಲ್ಪ ಯೋಚಿಸಿ, "ಹೇಳಿ" ಎಂದಳು. "ಎರಡೂವರೆ ಅನ್ನಿ. ಮೂರು ಮಾಡಬೇಡಿ."

ಸಂಜೆ ಬಿಸಿಲು ಇನ್ನೂ ಕೋಣೆಯ ಅರ್ಧದವರೆಗೆ ಇತ್ತು. ಅವನು ರಬ್ಬರು ಹಾಸಿ, ಕಬ್ಬಿಣದ ಕಾಲುಗಳನ್ನು ಬಿಡಿಸಿ, ಅಚ್ಚು ಬಿಗಿದು, ಇನ್ನೊಮ್ಮೆ ಬಿಗಿದು, ಕೈಯಿಂದ ಅಲುಗಿಸಿ ನೋಡಿದ. ಬಂಡೆಯ ಹಾಗೆ ನಿಂತಿತ್ತು. ಮುಂದಿನ ಚಕ್ರದ ಕೆಳಗೆ ಒಂದು ದಿಮ್ಮಿ. ಅವಳು ಅವನ ಹೆಗಲು ಹಿಡಿದು ಹತ್ತಿ ಕೂತಳು. ಎಷ್ಟು ಎತ್ತರ, ಕಿಟಕಿಯಿಂದ ಎದುರು ಮನೆಯ ತಾರಸಿಯೂ ಕಾಣುತ್ತಿತ್ತು. ಒಂದು ಸುತ್ತು ತುಳಿದಳು, ಎರಡು. ಹಿಂದೆ ಟಯರು ಉರುಳೆಯ ಮೇಲೆ ಹಾಡಿಕೊಳ್ಳತೊಡಗಿತು, ಗಟ್ಟಿಯಾದ, ಸ್ವಲ್ಪ ಒರಟಾದ ರಾಗ. ಮಂಡಿ ಗೊಣಗಿತು, ಆಮೇಲೆ ಸುಮ್ಮನಾಯಿತು. ಕೆಳಗಿನಿಂದ ಯಾರೂ ಕೂಗಲಿಲ್ಲ. ಇನ್ನು ಆರು ತಿಂಗಳಿಗೆ ಮೈದಾನಕ್ಕೆ ಹೋಗಿ ಕಲಿಯಬೇಕೋ, ಈ ಕೋಣೆಯೇ ಸಾಕೋ, ಪುಟ್ಟಿ ಬಂದಾಗ ಅವಳನ್ನೂ ಇದರ ಮೇಲೆ ಹತ್ತಿಸಿ ಉಳಿದ ಮೈಲಿಗಳನ್ನು ತುಳಿಸಬೇಕೋ ಎಂದೆಲ್ಲ ಏನೇನೋ ಬಂದು ಹೋಗುತ್ತಿರುವಾಗ ಅವಳು ಓರೆಯಾಗಿ ಹಿಂದೆ ನೋಡಿದಳು. ಗಂಡ ಪಕ್ಕದಲ್ಲೇ ನಿಂತಿದ್ದ. ಒಂದು ಕೈ ಸೀಟಿನ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದಿತ್ತು, ಇನ್ನೊಂದು ಅವಳ ಬೆನ್ನಿಗೆ ತಾಗಿಯೂ ತಾಗದಂತಿತ್ತು. ಕಣ್ಣು ಮುಂದಿನ ಚಕ್ರದ ಮೇಲೆ. ಮೊದಲ ಸಲ ಸೈಕಲ್ಲು ಹತ್ತಿದ ಮಗುವಿನ ಪಕ್ಕ ಓಡುವವರು ಹಿಡಿಯುವ ಹಾಗೆ ಹಿಡಿದಿದ್ದ. ಬಿಟ್ಟರೂ ಅದು ಬೀಳುವಂತಿರಲಿಲ್ಲ. ಬಿಗಿದವನೇ ಅವನು. ಅದು ಅವನಿಗೆ ಮರೆತುಹೋಗಿತ್ತು.

ಅವಳು ನೆನಪಿಸಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ತುಳಿದಳು.

"ಬಿಡಬೇಡಿ ರೀ" ಎಂದಳು.

"ಇಲ್ಲ, ಹಿಡ್ಕೊಂಡಿದ್ದೀನಿ" ಎಂದ ಅವನು. "ನೀನು ಮುಂದೆ ನೋಡು."